ವಾಲ್ವ್ ಬದಲಾಯಿಸಬೇಕು

ನಮ್ಮೂರಿನಲ್ಲಿ ಲಗ್ನಪತ್ರಿಕೆಯನ್ನು ಯಾರೂ ನೆನಪಿಗೆಂದು ಎತ್ತಿಡುವುದಿಲ್ಲ. ಕೊರಳಿಗೆ ತಾಳಿ ಬಿದ್ದ ಗಳಿಗೆಗೆ ಅದು ಬೆಳ್ಳಗಾಗುತ್ತದೆ. ಚಪ್ಪರದಲ್ಲಿ ಹಿಂದೆ ಕೂತವರಿಗೆ ಮುಂದೇನು ನಡೆಯುತ್ತಿದೆಯೆಂದು ಕಾಣದಿದ್ದರೆ ಕೈಯಲ್ಲಿರುವ ಪತ್ರಿಕೆ ನೋಡಿಕೊಂಡು ಅಕ್ಷತೆ ಎಸೆಯುತ್ತಾರೆ. ಅಂಗಡಿ ಚೀಟಿಯೂ ಹಾಗೆಯೇ. ಬೇಳೆ ಕಟ್ಟಿಸಿದೊಡನೆ ಬೇಳೆ ಎಂಬ ಅಕ್ಷರ ಹೋಗುತ್ತದೆ, ಬೆಲ್ಲ ಕಟ್ಟಿಸಿದೊಡನೆ ಬೆಲ್ಲ. ಮನೆಗೆ ಬಂದ ಮೇಲೂ ಚೀಟಿಯಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಮರೆತು ಬಂದೆವೆಂದು ಅರ್ಥ. ನಡೆದದ್ದು ನಿಲ್ಲುವುದಿಲ್ಲ, ನಡೆಯದ್ದು ನಿಲ್ಲುತ್ತದೆ. ಕಾಗದ, ಗೋಡೆ, ಹಲಗೆ, ಕಲ್ಲು ಎಲ್ಲಕ್ಕೂ ಒಂದೇ ಕಾನೂನು. ಹೊರಗಿನ ದಿನಪತ್ರಿಕೆ ಬೆಳಗಿನ ಬಸ್ಸಿನಲ್ಲಿ ಸೇತುವೆ ದಾಟುವಷ್ಟರಲ್ಲಿ ಮುಕ್ಕಾಲು ಪಾಲು ಖಾಲಿಯಾಗಿರುತ್ತದೆ. ಉಳಿದದ್ದನ್ನು ನಾವು ಟೀ ಕುಡಿಯುತ್ತಾ ಓದಿ ನಗುತ್ತೇವೆ. ಓಟಿನ ಕಾಲದ ಕರಪತ್ರಗಳು ಮಾತ್ರ ನನ್ನ ಮದುವೆಯ ಕಾಲದವೂ ನಿನ್ನೆ ಅಚ್ಚಾದ ಹಾಗೆ ಇವೆ. ಡಬ್ಬದ ತಳಕ್ಕೆ ಹಾಸಲು ಅದಕ್ಕಿಂತ ಬಾಳಿಕೆಯ ಕಾಗದ ಇನ್ನೊಂದಿಲ್ಲ.

ಹಾಗಾದರೆ ಇದನ್ನು ಹೇಗೆ ಬರೆಯುತ್ತಿದ್ದೀಯೆ ಎಂದು ಕೇಳುತ್ತೀರಿ. ನಾನೀಗ ಕೂತಿರುವುದು ಸೇತುವೆಯ ಆಚೆ ದಡದಲ್ಲಿ, ಸೈಕಲ್ ಅಂಗಡಿಯ ಜಗಲಿಯ ಮೇಲೆ. ಇಲ್ಲಿ ಅಕ್ಷರಗಳು ಹೇಳಿದ ಮಾತು ಕೇಳುತ್ತವೆ. ದಿನಾ ಬೆಳಿಗ್ಗೆ ನಡೆದು ಬಂದು ಒಂದು ಹಾಳೆ ಬರೆದು, ಅಂಗಡಿಯವರ ಹತ್ತಿರವೇ ಬಿಟ್ಟು, ಬರಿಗೈಯಲ್ಲಿ ಊರಿಗೆ ಹೋಗುತ್ತೇನೆ. ನಾನು ಓದಿದ್ದು ಎರಡನೆ ಕ್ಲಾಸು. ಒತ್ತಕ್ಷರ ಬಂದ ಕಡೆ ಸ್ವಲ್ಪ ನಿಂತು ಹೋಗುತ್ತೇನೆ, ನೀವೂ ನಿಂತು ಓದಿಕೊಳ್ಳಿ. ನನ್ನ ಹೆಸರು ಹೊನ್ನಾಜಮ್ಮ. ಎಪ್ಪತ್ತೆರಡು ವರ್ಷ. ಮೊದಲು ರೇಷ್ಮೆ ಕಾರ್ಖಾನೆಯಲ್ಲಿ ನೂಲು ತೆಗೆಯುತ್ತಿದ್ದೆ, ಆಮೇಲಿನಿಂದ ಕುಕ್ಕರು, ಸ್ಟವ್ವು ರಿಪೇರಿ ಮಾಡುತ್ತೇನೆ.

ನಮ್ಮ ಮಸಣದ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಹುಟ್ಟಿದ ತಾರೀಕು, ಸತ್ತ ತಾರೀಕು, ಇಂಥವರ ಮಗ ಎಂದು ಕೆತ್ತಿದರೆ ಉಳಿಯನ್ನು ಎತ್ತುವಷ್ಟರಲ್ಲಿ ಕಲ್ಲು ನುಣ್ಣಗಾಗುತ್ತದೆ. ಅದಕ್ಕೇ ಸತ್ತವರು ಏನನ್ನು ಮಾಡದೆ ಹೋದರೋ ಅದನ್ನು ಕೆತ್ತುತ್ತೇವೆ. ನಮ್ಮವ್ವನ ಕಲ್ಲಿನ ಮೇಲೆ ‘ಸಮುದ್ರ ನೋಡಬೇಕು’ ಎಂದಿದೆ. ಪಕ್ಕದಲ್ಲಿ ಒಬ್ಬ ಪೈಲ್ವಾನನ ಕಲ್ಲಿನ ಮೇಲೆ ‘ತಮ್ಮನನ್ನು ಮಾತಾಡಿಸಬೇಕು’ ಎಂದಿದೆ. ಹೊರಗಿನಿಂದ ಬಂದವರು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾರರು.

ಇಂಥ ಊರಲ್ಲಿ ಬರೆಯುವ ಆಸೆ ಹುಟ್ಟಿದವರಿಗೆ ಇರುವುದು ಒಂದೇ ದಾರಿ. ಇನ್ನೂ ಬಾರದ ಕಾಲವನ್ನು ಬರೆಯಬೇಕು. ಹೊರಗಡೆ ಇದಕ್ಕೆ ವಿಜ್ಞಾನದ ಕಥೆ ಎನ್ನುತ್ತಾರಂತೆ, ನಾವು ಬರೋಕಥೆ ಎನ್ನುತ್ತೇವೆ. ಲೈಬ್ರರಿಯಲ್ಲಿ ಒಂದು ಕಪಾಟಿನ ತುಂಬ ಅದೇ ಇದೆ, ಹೆಚ್ಚಿನವು ನೋಟುಪುಸ್ತಕಗಳು. ರೇಡಿಯೋ ರಿಪೇರಿಯ ಗುರುಮಲ್ಲಯ್ಯ ಎಂಬವನು ನನ್ನ ಎಳೆಯ ವಯಸ್ಸಿನಲ್ಲಿ, ತಂತಿಯಿಲ್ಲದೆ ಜೇಬಿನಲ್ಲಿಟ್ಟುಕೊಂಡು ಮಾತಾಡುವ ಫೋನಿನ ಮೇಲೆ ಇನ್ನೂರು ಹಾಳೆಯ ಕಥೆ ಬರೆದಿದ್ದ. ಒಂದು ದಿನ ಪುಸ್ತಕ ತೆರೆದರೆ ಮೊದಲಿನಿಂದ ಕೊನೆಯವರೆಗೆ ಬೆಳ್ಳಗೆ. ಕಥೆ ಕಳೆದುಕೊಂಡವನು ಊರಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದ. ಅವನ ಹೆಂಡತಿ, “ಎಂಟು ವರ್ಷ ನನ್ನ ಸೀಮೆಎಣ್ಣೆ ಸುಟ್ಟಿದ್ದು ಈ ಬಿಳಿ ಕಾಗದಕ್ಕಾ?” ಎಂದು ಬೀದಿಯಲ್ಲಿ ನಿಂತು ಕೇಳಿದಳು. ಅವನು ಅವಳ ಬಾಯಿಗೂ ಮಿಠಾಯಿ ಇಟ್ಟ.

ಬರೋಕಥೆಗೆ ಆಕಾಶ ನೋಡಬೇಕೆಂದು ಹೊಸಬರು ತಿಳಿಯುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ನನ್ನ ಮುಂದೆ ರಿಪೇರಿಗೆ ಬಂದ ಸಾಮಾನನ್ನೇ ಎರಡು ದಿನ ಸುಮ್ಮನೆ ನೋಡುತ್ತೇನೆ. ಪ್ರತಿ ಯಂತ್ರಕ್ಕೂ ಎಲ್ಲೋ ಒಂದು ಕಡೆ ನೋಯುತ್ತಿರುತ್ತದೆ. ಆ ಜಾಗ ಸಿಕ್ಕರೆ ಕಥೆ ಸಿಕ್ಕಿತು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಬಂದಾಗ ನೂಲು ತೆಗೆದ ಹೆಂಗಸರನ್ನು ಅದು ಗುರುತಿಸಲೇ ಇಲ್ಲ. ಕುದಿಯುವ ನೀರಿನಲ್ಲಿ ರೇಷ್ಮೆಗೂಡು ತಡವಿ ತಡವಿ ನಮ್ಮ ಬೆರಳಿನ ಗೆರೆಗಳು ಸವೆದುಹೋಗಿದ್ದವು. “ನಿನಗೆ ಗೆರೆಯೇ ಇಲ್ಲವಲ್ಲಮ್ಮ, ನೀನು ಇದೀಯ ಅಂತ ಯಂತ್ರ ಒಪ್ತಾ ಇಲ್ಲ” ಎಂದ ಅಂಗಡಿಯವನು. ನಾನು ಮನೆಗೆ ಬಂದು ಒಂದು ಕಥೆ ಬರೆದೆ. ಮುಂದೊಂದು ಕಾಲದಲ್ಲಿ ಬಾಗಿಲು, ಗೇಟು, ಸೆರೆಮನೆ ಎಲ್ಲವನ್ನೂ ಬೆರಳಿನ ಯಂತ್ರವೇ ಕಾಯುತ್ತದೆ. ಗೆರೆ ಸವೆದ ಹೆಂಗಸರು ಮಾತ್ರ ಯಾವ ಯಂತ್ರಕ್ಕೂ ಕಾಣದೆ ಅರಮನೆಯೊಳಕ್ಕೆ ನಡೆದು ಹೋಗಿ ಸಿಂಹಾಸನದ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಲೈಬ್ರರಿಯ ಬೋರಲಿಂಗಯ್ಯ ಅದನ್ನು ಸಂಜೆ ಜಗಲಿಯಲ್ಲಿ ಗಟ್ಟಿಯಾಗಿ ಓದಿದಾಗ ನೂಲಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಆ ಕಥೆ ಇನ್ನೂ ಇದೆ. ಅಂದರೆ ಇನ್ನೂ ಆಗಿಲ್ಲ.

ಈಗ ನನ್ನ ಅಣ್ಣನ ವಿಷಯ.

ಅಣ್ಣ ಚಿಕ್ಕೀರಣ್ಣ ಅದೇ ರೇಷ್ಮೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಗೂಡು ಬೇಯಿಸಲು ಹಬೆ ಬೇಕು, ಹಬೆಗೆ ಬಾಯ್ಲರು. ಬಾಯ್ಲರಿನ ನೆತ್ತಿಯ ಮೇಲೆ ಸೇಫ್ಟಿ ವಾಲ್ವ್ ಎಂದು ಒಂದು ಹಿತ್ತಾಳೆ ಬುರುಡೆ ಇರುತ್ತದೆ. ಹಬೆ ಮಿತಿ ಮೀರಿದರೆ ತಾನೇ ಬಾಯಿ ತೆರೆದು ಬಿಟ್ಟುಬಿಡುತ್ತದೆ, ಕುಕ್ಕರಿನ ವಿಷಲ್ ಇದ್ದ ಹಾಗೆ. ಆ ವರ್ಷ ಅದು ಕಚ್ಚಿಕೊಳ್ಳತೊಡಗಿತ್ತು. ಅಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸುತ್ತಿದ್ದ. ಒಮ್ಮೆ ಜೋರಾಗಿ ಹೊಡೆದು ಹೆಬ್ಬೆರಳು ಒತ್ತಿದಷ್ಟು ತಗ್ಗೂ ಮಾಡಿದ್ದ. ಬಾಯ್ಲರ್ ಮನೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಸೇಫ್ಟಿ ವಾಲ್ವ್ ಬದಲಾಯಿಸಬೇಕು’ ಎಂದು ದಪ್ಪಗೆ ಬರೆದ. ಮೂರು ವಾರ ಅದು ಹಾಗೇ ಇತ್ತು. ಊಟದ ಹೊತ್ತಿಗೆ ಬಂದಾಗೆಲ್ಲ ಅದೇ ಮಾತು, “ವಾಲ್ವ್ ಬದಲಾಯಿಸ್ಬೇಕು ಕಣೇ ಹೊನ್ನಿ, ಇವರು ಕೇಳ್ತಾ ಇಲ್ಲ.” ಒಂದು ಸೋಮವಾರ ಅವನು ಬಂದು ನೋಡಿದರೆ ಹಲಗೆ ಖಾಲಿ.

ಬೇರೆ ಊರಿನವನಾಗಿದ್ದರೆ ಏಣಿ ಹತ್ತಿ ನೋಡುತ್ತಿದ್ದ. ನಮ್ಮೂರಿನವನು ಹೇಗೆ ನೋಡುತ್ತಾನೆ? ಅಕ್ಷರ ಹೋಯಿತೆಂದರೆ ಕೆಲಸ ಆಯಿತು. ಹುಟ್ಟಿದಾಗಿನಿಂದ ಹಾಗೆ ನಂಬಿದ್ದೇವೆ. ಅಣ್ಣ ಸಮಾಧಾನದಿಂದ ಒಲೆಗೆ ತುಂಬ ಸೌದೆ ಹಾಕಿದ. ಅಂದು ನೂಲು ಕೊಳ್ಳುವ ಸಾಹುಕಾರರು ಕಾರ್ಖಾನೆ ನೋಡಲು ಬರುವವರಿದ್ದರು, ಹಬೆ ಜಾಸ್ತಿ ಬೇಕೆಂದು ಮ್ಯಾನೇಜರ್ ಅಶ್ವತ್ಥರಾಯ ಹೇಳಿದ್ದ. ಹತ್ತೂವರೆಗೆ ಬಾಯ್ಲರ್ ಒಡೆಯಿತು. ಅಣ್ಣನೂ, ಹತ್ತಿರದ ಸಾಲಿನಲ್ಲಿ ಕೂತಿದ್ದ ನಾಲ್ಕು ಹೆಂಗಸರೂ ಹೋದರು.

ಆ ಬೆಳಿಗ್ಗೆ ಎಂಟಕ್ಕೆ ನಾನು ಗೂಡಿನ ತೊಟ್ಟಿಯ ಬಳಿ ನೀರು ಹಿಡಿಯುತ್ತಿದ್ದೆ. ಅಶ್ವತ್ಥರಾಯ ಬಂದು, “ಸ್ವಲ್ಪ ಸರಿಯಮ್ಮ” ಎಂದು ನಲ್ಲಿಯ ಕೆಳಗೆ ಒಂದು ಬಟ್ಟೆ ಹಿಂಡಿದ. ನೀರು ಹಾಲಿನ ಹಾಗೆ ಬೆಳ್ಳಗೆ ಹರಿಯಿತು. ಮ್ಯಾನೇಜರಿಗೆ ಬಟ್ಟೆ ಒಗೆಯುವ ಕೆಲಸ ಯಾಕೆ ಬಂತೆಂದು ಮನಸ್ಸಿನಲ್ಲೇ ನಕ್ಕೆ. ಅದು ಹಲಗೆ ಒರೆಸಿದ ಬಟ್ಟೆ ಎಂದು ಹೊಳೆದದ್ದು ಮೂರನೆಯ ದಿನ, ಹಾಲು ತುಪ್ಪ ಬಿಡುವಾಗ.

ಪೊಲೀಸಿನವರ ಹತ್ತಿರ ಹೇಳಿದೆ. ಅವರು ಬರೆದುಕೊಂಡರು. ಪೆನ್ನು ಎತ್ತುವಷ್ಟರಲ್ಲಿ ಹಾಳೆ ಖಾಲಿ. ಆ ಸ್ಟೇಷನ್ನಿನಲ್ಲಿ ನಿಂತಿರುವುದೆಲ್ಲ ಸುಳ್ಳು ದೂರುಗಳೇ. ಸೇತುವೆಯ ಆಚೆ ಹೋಗಿ ಕಛೇರಿಯಲ್ಲಿ ಹೇಳಿದೆ, ನಿಮ್ಮ ಸ್ಟೇಷನ್ನಿನ ಕಾಗದ ತಾ ಎಂದರು. ಇದ್ದ ಖಾಲಿ ಹಾಳೆಯನ್ನೇ ಒಯ್ದು ಕೊಟ್ಟೆ, ತಿರುಗಿಸಿ ನೋಡಿ ನಕ್ಕರು. ಕಾರ್ಖಾನೆಯವರು ಮಾತ್ರ ಆಚೆ ದಡದ ಹೆಡ್ಡಾಫೀಸಿನಲ್ಲಿ ಕೂತು ಹನ್ನೊಂದು ಹಾಳೆಯ ವರದಿ ಬರೆದರು. ಅದನ್ನು ಊರೊಳಕ್ಕೆ ತರಲಿಲ್ಲ. ಸೇತುವೆಯ ಆ ತುದಿಯಲ್ಲಿ ಮೈಕು ಕಟ್ಟಿ ಓದಿಸಿದರು. ವಾಲ್ವನ್ನು ಮೊದಲೇ ಬದಲಾಯಿಸಲಾಗಿತ್ತು, ಬಾಯ್ಲರ್ ನೋಡುವವನು ನಿದ್ರೆ ಹೋಗಿದ್ದರಿಂದ ಅನಾಹುತವಾಯಿತು ಎಂದು. ಮೈಕಿನ ಮಾತಿಗೆ ಅಳಿಸಿಹೋಗುವ ಗುಣವಿಲ್ಲ. ಸತ್ತ ನಾಲ್ವರ ಮನೆಯವರು ಅಂದಿನಿಂದ ನಮ್ಮ ಬೀದಿಗೆ ಬರುವುದನ್ನು ಬಿಟ್ಟರು. ಅಣ್ಣನ ಮಗಳು ದೇವೀರಿಗೆ ಆಗ ಹನ್ನೆರಡು. ಶಾಲೆಯಲ್ಲಿ ಅವಳನ್ನು ನಿದ್ದೆಗಣ್ಣನ ಮಗಳು ಎಂದು ಕರೆದರು.

ಅಣ್ಣನ ಕಲ್ಲಿಗೆ ಏನು ಕೆತ್ತಿಸಬೇಕೆಂದು ಕೇಳಿದಾಗ ನಾನು ಯೋಚಿಸಲಿಲ್ಲ. ‘ಸೇಫ್ಟಿ ವಾಲ್ವ್ ಬದಲಾಯಿಸಬೇಕು.’ ಅದು ನಿಂತಿತು. ಒಂದು ವರ್ಷಕ್ಕೆ ಹೊಸ ಬಾಯ್ಲರ್ ಬಂತು, ಕಾರ್ಖಾನೆ ಮತ್ತೆ ನಡೆಯಿತು. ಕಲ್ಲಿನ ಅಕ್ಷರ ಹೋಗಲಿಲ್ಲ. ಹಳೆ ಬಾಯ್ಲರೇ ಇಲ್ಲವಲ್ಲ, ಇನ್ನು ಅದರ ವಾಲ್ವ್ ಬದಲಾಯಿಸುವುದೆಲ್ಲಿಂದ ಬಂತು, ಆದ್ದರಿಂದ ಅಕ್ಷರ ಯಾವತ್ತೂ ಹೋಗುವುದಿಲ್ಲ ಎಂದು ತಿಳಿದವರು ಹೇಳಿದರು. ನನಗೂ ಸರಿ ಕಂಡಿತು. ಇಪ್ಪತ್ತೆಂಟು ವರ್ಷ ಸರಿ ಕಂಡಿತು. ದೇವೀರಿ ದೊಡ್ಡವಳಾಗಿ ಅದೇ ಕಾರ್ಖಾನೆಗೆ ನೂಲು ತೆಗೆಯಲು ಸೇರಿದಳು. ನಮ್ಮೂರಲ್ಲಿ ಬೇರೆ ಕೆಲಸ ಎಲ್ಲಿದೆ?

ಹೋದ ವರ್ಷ ಬೇಸಗೆಯಲ್ಲಿ ಎದುರು ಮನೆಯ ಖಾತೂನ್‌ಬಿ ಒಂದು ಕುಕ್ಕರ್ ತಂದಳು. ಹೊಸದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

“ಹೊನ್ನಕ್ಕ, ತಂದು ತಿಂಗ್ಳಾಗಿಲ್ಲ, ಕೂಗೋದೇ ಇಲ್ಲ ಇದು. ನಮ್ಮನೆ ಯಜಮಾನ್ರ ಹಂಗೆ, ಒಳಗೇ ಕುದೀತದೆ.”

ಮುಚ್ಚಳ ನೋಡಿದೆ. ಪಾತ್ರೆ ಹೊಸದು, ಮುಚ್ಚಳ ಹೊಸದು, ವಿಷಲ್ ಮಾತ್ರ ಹಳೆಯದು, ಸವೆದು ಕರ್ರಗಾದದ್ದು.

“ಇದರ ವಿಷಲ್ ಎಲ್ಲಿ ಖಾತೂನು?”

“ಅದು ಎತ್ತಿಟ್ಟಿದೀನಿ. ಹಳೇದು ಗಟ್ಟಿ ಇತ್ತಲ್ಲ, ಕಂಪನೀದು. ಯಾಕೆ ಬಿಸಾಕೋದು ಅಂತ ಅದನ್ನೇ ಹಾಕ್ಕೊಂಡೆ.”

ನಾನು ಆ ಕುಕ್ಕರನ್ನು ಮುಂದಿಟ್ಟುಕೊಂಡು ಕೂತೆ. ಖಾತೂನ್‌ಬಿ ಇನ್ನೂ ಏನೋ ಹೇಳುತ್ತಿದ್ದಳು, ನನ್ನ ಕಿವಿಗೆ ಬೀಳಲಿಲ್ಲ. ಈ ಸಾಮಾನಿನ ನೋವು ಎಲ್ಲಿದೆಯೆಂದು ಹುಡುಕಲು ಎರಡು ದಿನ ಬೇಕಾಗಲಿಲ್ಲ. ಹೊಸ ಪಾತ್ರೆಗೆ ಹಳೆ ವಿಷಲ್. ಕಲ್ಲಿನ ಅಕ್ಷರ ಯಾಕೆ ಹೋಗಿಲ್ಲ? ಬಾಯ್ಲರ್ ಬದಲಾಗಿದೆ. ವಾಲ್ವ್ ಬದಲಾಗಿಲ್ಲ.

ದೇವೀರಿ ಸಂಜೆ ಕೆಲಸ ಮುಗಿಸಿ ಬಂದ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ. ಬಟ್ಟೆ ಹಿಂಡಿದ್ದನ್ನೂ ಹೇಳಿದೆ. ನಾನು ಆವತ್ತು ನಗದೆ, ಯಾಕೆ ಸ್ವಾಮಿ ಎಂದು ಒಂದು ಮಾತು ಕೇಳಿದ್ದರೆ ನಿಮ್ಮಪ್ಪ ಉಳಿಯುತ್ತಿದ್ದನೋ ಏನೋ ಎಂದೂ ಹೇಳಿದೆ. ಅವಳು ತನ್ನ ಬೆಂದ ಬೆರಳುಗಳನ್ನು ನೋಡಿಕೊಂಡಳು.

“ಕೇಳಿದ್ರೆ ನಿನ್ನೇ ಕೆಲಸದಿಂದ ತೆಗೀತಿದ್ರು, ಅಷ್ಟೇಯ,” ಎಂದಳು. “ನಾನೀಗ ಏನ್ ನೋಡ್ಬೇಕು ಹೇಳು ಅತ್ತೆ.”

“ಬಾಯ್ಲರ್ ನೆತ್ತಿ ಮೇಲೆ ಹಿತ್ತಾಳೆ ಬುರುಡೆ. ಎಡಗಡೆ ಹೆಬ್ಬೆಟ್ಟಿನಷ್ಟು ತಗ್ಗು ಇದೆಯಾ ನೋಡು.”

ಮಾರನೆಯ ದಿನ ಬಾಗಿಲಲ್ಲೇ ನಿಂತು ಹೇಳಿದಳು. “ಹಸಿರು ಬಣ್ಣ ಬಳಿದವ್ರೆ. ಬಣ್ಣದ ಕೆಳಗೆ ತಗ್ಗು ಐತೆ. ಅಪ್ಪನ ಏಟು ಅತ್ತೆ ಅದು.” ಆಮೇಲೆ ಅಳುತ್ತಾ, “ನನ್ನ ಹೆಸ್ರು ಮಾತ್ರ ಎಲ್ಲೂ ಬರ್ಬಾರ್ದು. ನಲವತ್ತು ಜನ ಹೆಂಗಸ್ರು ಅದರ ಪಕ್ಕದಲ್ಲಿ ಕೂರ್ತೀವಿ. ಅದಕ್ಕೂ ಹೆದರ್ಬೇಕು, ಮ್ಯಾನೇಜರ್ಗೂ ಹೆದರ್ಬೇಕು” ಎಂದಳು.

ಈಗಿನ ಮ್ಯಾನೇಜರ್ ನಮ್ಮೂರಿನವನೇ, ಹೊಸ ಕಾಲದವನು. ನಾನೇ ಹೋಗಿ ಕೇಳಿದೆ. ಅವನು ಕುರ್ಚಿ ಹಾಕಿಸಿದ, ಟೀ ತರಿಸಿದ, “ಅಜ್ಜಿ, ಎಲ್ಲಾದ್ರೂ ಬರ್ದಿದೆಯಾ ಅದು?” ಎಂದ. ನಗುತ್ತಲೇ ಕೇಳಿದ. ನಮ್ಮೂರಲ್ಲಿ ಹುಟ್ಟಿದವನು ಇನ್ನೊಬ್ಬ ನಮ್ಮೂರಿನವಳಿಗೆ ಈ ಮಾತು ಕೇಳುವುದು ಮುಖಕ್ಕೆ ಉಗಿದ ಹಾಗೆ. ನಾನು ಟೀ ಕುಡಿಯದೆ ಎದ್ದು ಬಂದೆ. ನಿಜ ಬರೆದರೆ ನಿಲ್ಲುವುದಿಲ್ಲ. ಸರಿ, ನಿಲ್ಲುವಂಥದ್ದನ್ನೇ ಬರೆಯುತ್ತೇನೆ ಎಂದುಕೊಂಡೆ.

ಹದಿನೇಳು ದಿನ ಬರೆದೆ. ‘ಮುಚ್ಚಳದ ಊರು’ ಎಂದು ಹೆಸರಿಟ್ಟೆ. ಯಾವುದೋ ದೂರದ ನಕ್ಷತ್ರ, ಅಲ್ಲಿ ಗಾಳಿಯಿಲ್ಲ. ಜನ ಒಂದು ದೊಡ್ಡ ಕುಕ್ಕರಿನೊಳಗೆ ಊರು ಕಟ್ಟಿಕೊಂಡಿದ್ದಾರೆ. ಅವರ ಉಸಿರೇ ಹಬೆಯಾಗಿ ಊರಿನ ದೀಪ, ಗಾಡಿ ಎಲ್ಲ ನಡೆಯುತ್ತದೆ. ಆಕಾಶದ ನಡುವೆ ಒಂದು ವಿಷಲ್. ಜನ ನಿಟ್ಟುಸಿರು ಬಿಟ್ಟದ್ದು ಜಾಸ್ತಿಯಾದರೆ ಅದು ಕೂಗಬೇಕು. ಕೂಗನ್ನು ಕೇಳುವುದಕ್ಕೆಂದೇ ಒಬ್ಬ ಮನುಷ್ಯ ಇದ್ದಾನೆ, ಅವನು ಮಲಗುವುದೇ ಇಲ್ಲ, ಅವನ ಜಾತಿಗೆ ರೆಪ್ಪೆಯೇ ಇಲ್ಲ. ವಿಷಲ್ ಕಚ್ಚಿಕೊಳ್ಳುತ್ತಿದೆ ಎಂದು ಅವನು ದೊರೆಗಳಿಗೆ ಹೇಳುತ್ತಾನೆ. ಅವರು ‘ಆಯಿತು’ ಎಂದು ಆಕಾಶದಲ್ಲಿ ಬರೆಸುತ್ತಾರೆ. ಮುಚ್ಚಳ ಹಾರುತ್ತದೆ. ಉಳಿದವರು ಹೊಸ ಮುಚ್ಚಳ ಮಾಡುತ್ತಾರೆ, ಹಳೆ ವಿಷಲ್ಲಿಗೆ ಹಸಿರು ಬಣ್ಣ ಬಳಿದು ಅದನ್ನೇ ಇಡುತ್ತಾರೆ. ರೆಪ್ಪೆಯಿಲ್ಲದವನು ನಿದ್ದೆ ಮಾಡಿದನೆಂದು ಮಕ್ಕಳ ಪಾಠದಲ್ಲಿ ಸೇರಿಸುತ್ತಾರೆ. ಕಥೆಯ ಕೊನೆಯಲ್ಲಿ ನಿಟ್ಟುಸಿರು ಮತ್ತೆ ತುಂಬುತ್ತಿದೆ, ಜನ ಒಬ್ಬರ ಮುಖ ಒಬ್ಬರು ನೋಡುತ್ತಾ ಉಸಿರು ಹಿಡಿದುಕೊಂಡು ಕೂತಿದ್ದಾರೆ. ಅಲ್ಲಿಗೆ ಬಿಟ್ಟೆ.

ಬೋರಲಿಂಗಯ್ಯ ಸಂಜೆ ಜಗಲಿಯಲ್ಲಿ ಓದಲು ಶುರು ಮಾಡಿದ. ಅವನು ನಶ್ಯ ಹಾಕುವವನು, ಓದುವಾಗ ಎರಡು ಪುಟಕ್ಕೊಮ್ಮೆ ಸೀನುತ್ತಾನೆ. ಆವತ್ತು ಸೀನಲಿಲ್ಲ. ಹಸಿರು ಬಣ್ಣ ಎಂಬಲ್ಲಿಗೆ ಬಂದಾಗ ಹೆಂಗಸರ ಸಾಲಿನಲ್ಲಿ ಒಂದು ಕೈ ಇನ್ನೊಂದು ಕೈಯನ್ನು ಹಿಡಿಯಿತು. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೆಳಗಾದರೆ ಕಾರ್ಖಾನೆಯಲ್ಲಿ ನಲವತ್ತು ಜನರೂ ನೂಲು ನೋಡುವುದನ್ನು ಬಿಟ್ಟು ಬಾಯ್ಲರ್ ನೆತ್ತಿ ನೋಡುತ್ತಾ ಕೂತಿದ್ದರಂತೆ. ನೂಲೆಲ್ಲ ಗಂಟು.

ವಾರದೊಳಗೆ ಹೆಡ್ಡಾಫೀಸಿನಿಂದ ವಕೀಲ ಬಂದ. ಕಪ್ಪು ಕೋಟು, ಬೆವರು. ಕಥೆಯನ್ನು ಕಪಾಟಿನಿಂದ ತೆಗೆಯಬೇಕು, ನಾನು ತಪ್ಪಾಯಿತೆಂದು ಬರೆದುಕೊಡಬೇಕು ಎಂದ. ಬೋರಲಿಂಗಯ್ಯನ ಮುಖ ಬಿಳುಚಿತು.

“ಹೊನ್ನಾಜಮ್ಮನೋರೆ, ಒಂದು ನಾಲ್ಕು ದಿನ ಒಳಗಿಡೋಣ. ಆಮೇಲೆ ಮೆತ್ತಗೆ ಹೊರಗೆ ತೆಗೆಯೋಣ. ನಂಗಿನ್ನೂ ಎರಡು ವರ್ಷ ಸರ್ವೀಸಿದೆ.”

“ಇಪ್ಪತ್ತೊಂಬತ್ತು ವರ್ಷ ಒಳಗಿಟ್ಟಿದ್ದೆ ಬೋರಲಿಂಗಯ್ಯ. ಸಾಕು,” ಎಂದೆ.

ವಕೀಲ ನನ್ನ ಕಡೆ ತಿರುಗಿದ. “ನೋಡಿ ಅಜ್ಜಿ, ನೀವು ಬರೆದಿರೋದು ಸುಳ್ಳು.”

“ಹೌದು ಸ್ವಾಮಿ. ಸುಳ್ಳಾದ್ದರಿಂದಲೇ ನಿಂತಿದೆ.”

“ಮತ್ತೆ? ನಿಜ ಏನು ಅನ್ನೋದು ನಮ್ಮ ವರದಿಯಲ್ಲಿದೆ. ಹನ್ನೊಂದು ಪುಟ. ಸಹಿ, ಮೊಹರು ಎಲ್ಲ ಇದೆ.”

ಇಷ್ಟು ವರ್ಷ ನಾನು ಕಾದಿದ್ದ ಮಾತು ಅದು. ಆದರೂ ಅವಸರ ಮಾಡಲಿಲ್ಲ. “ಹಾಗಾದರೆ ತನ್ನಿ. ಈ ಮೇಜಿನ ಮೇಲೆ ನನ್ನ ಕಥೆ ಪಕ್ಕದಲ್ಲಿ ಇಡಿ. ಅದರಲ್ಲಿರೋದು ನಿಜ ಅಂತಾದರೆ ನನ್ನ ಪುಸ್ತಕ ನಾನೇ ಒಲೆಗೆ ಹಾಕ್ತೀನಿ, ನಿಮ್ಮ ಕಾಲಿಗೂ ಬೀಳ್ತೀನಿ.”

“ಇಡ್ತೀನಿ. ಅದಕ್ಕೇನಂತೆ?”

ಜಗಲಿಯ ಮೇಲಿದ್ದವರು ಕೆಮ್ಮಿದರು. ಬೋರಲಿಂಗಯ್ಯ ಒಳ್ಳೆಯವನು, “ಸಾರ್, ಸೇತುವೆ ದಾಟಿಸಿದ್ರೆ ಅಕ್ಷರ...” ಎಂದು ಹೇಳಲು ಹೋದ. ವಕೀಲ ನಕ್ಕುಬಿಟ್ಟ. “ಈ ಬೊಗಳೆಯೆಲ್ಲ ನಾನೂ ಕೇಳಿದೀನಿ. ಕಳಪೆ ಶಾಯಿ, ನದಿ ತೇವ. ನಮ್ಮದು ಪ್ಲಾಸ್ಟಿಕ್ ಹೊದಿಸಿ ಇಟ್ಟಿರೋ ಪ್ರತಿ. ಸೋಮವಾರ ಹತ್ತಕ್ಕೆ ಬರ್ತೀನಿ.”

ಸೋಮವಾರ ಹತ್ತಕ್ಕೆ ಸೇತುವೆಯ ಈಚೆ ತುದಿಯಲ್ಲಿ ಊರಿಗೆ ಊರೇ ನಿಂತಿತ್ತು. ನಾಲ್ವರು ಸತ್ತ ಹೆಂಗಸರ ಮನೆಯವರೂ ಬಂದಿದ್ದರು, ನನ್ನಿಂದ ದೂರ, ಹುಣಿಸೆ ಮರದ ಕೆಳಗೆ. ಆಚೆಯಿಂದ ವಕೀಲ ಫೈಲನ್ನು ಎದೆಗೆ ಒತ್ತಿಕೊಂಡು ನಡೆದು ಬರುತ್ತಿದ್ದ. ಅಷ್ಟರಲ್ಲಿ ಕಾರ್ಖಾನೆಯ ಕಡೆಯಿಂದ ಮ್ಯಾನೇಜರ್ ಓಡೋಡಿ ಬಂದ. ಅವನಿಗೆ ಯಾರೋ ಆಗಷ್ಟೇ ಹೇಳಿದ್ದರು.

“ವಕೀಲ್ರೇ, ಅಲ್ಲೇ ನಿಂತ್ಕೊಳಿ! ದಾಟ್ಬೇಡಿ!”

“ಏನ್ರೀ?”

“ದಾಟ್ಬೇಡೀ ಅಂದೆ!”

ನದಿಯ ಸದ್ದಿಗೆ ಏನು ಕೇಳಿತೋ, ವಕೀಲ ಇನ್ನೂ ಬೇಗ ಬೇಗ ಹೆಜ್ಜೆ ಹಾಕಿಕೊಂಡು ಬಂದುಬಿಟ್ಟ. ಖಾತೂನ್‌ಬಿ ನನ್ನ ಕಿವಿಯಲ್ಲಿ, “ಬಂತು ನೋಡಕ್ಕ, ಕುರಿ ತಾನೇ ನಡ್ಕೊಂಡು” ಎಂದಳು. ನಾನು ಅವಳ ತೋಳು ಚಿವುಟಿದೆ.

ವಕೀಲ ಫೈಲು ತೆರೆದ. ಮೊದಲ ಹಾಳೆ ತಿರುಗಿಸಿದ, ಎರಡನೆಯದನ್ನು ತಿರುಗಿಸಿದ. ಬಿಸಿಲಿಗೆ ಹಿಡಿದು ನೋಡಿದ. ಪ್ಲಾಸ್ಟಿಕ್ಕಿನ ಒಳಗೆ ಬೆಳ್ಳನೆಯ ಕಾಗದ. ತಾರೀಕು ಹೋಗಿತ್ತು, ಕಾರ್ಖಾನೆಯ ಹೆಸರು ಹೋಗಿತ್ತು, ಸತ್ತ ಐವರ ಹೆಸರೂ ಹೋಗಿತ್ತು. ಅವೆಲ್ಲ ನಿಜ. ಹನ್ನೊಂದು ಹಾಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಲು ಕರ್ರಗೆ ಕೂತಿತ್ತು, ಒಗೆದ ಪಂಚೆಯ ಮೇಲೆ ನೊಣ ಕೂತ ಹಾಗೆ.

“ನನ್ನ ಕಣ್ಣು ಮಂಜು. ಬೋರಲಿಂಗಯ್ಯ, ಉಳಿದದ್ದನ್ನು ಓದು,” ಎಂದೆ.

ಅವನು ವಕೀಲನ ಕೈಯಿಂದಲೇ ಫೈಲು ತೆಗೆದುಕೊಂಡ. ಎರಡು ವರ್ಷದ ಸರ್ವೀಸು ಆ ಹೊತ್ತಿನಲ್ಲಿ ಅವನಿಗೆ ಮರೆತಿರಬೇಕು. ಗಂಟಲು ಸರಿ ಮಾಡಿಕೊಂಡು ಗಟ್ಟಿಯಾಗಿ ಓದಿದ.

“ಅಪಘಾತಕ್ಕೆ ಮೊದಲೇ ಸೇಫ್ಟಿ ವಾಲ್ವನ್ನು ಬದಲಾಯಿಸಲಾಗಿತ್ತು.” ಒಂದು ಹಾಳೆ ತಿರುಗಿಸಿದ. “ಬಾಯ್ಲರ್ ಉಸ್ತುವಾರಿಯವನು ಸದರಿ ಸಮಯದಲ್ಲಿ ನಿದ್ರಿಸುತ್ತಿದ್ದನು.” ಮೂರು ಹಾಳೆ ತಿರುಗಿಸಿದ. “ಹೊಸ ಬಾಯ್ಲರಿಗೆ ಪ್ರತಿಯೊಂದು ಭಾಗವನ್ನೂ ಹೊಸದಾಗಿಯೇ ಅಳವಡಿಸಲಾಗುವುದು.” ಕೊನೆಯ ಹಾಳೆ. “ಆಡಳಿತ ಮಂಡಳಿಯು ತೀವ್ರವಾಗಿ ವಿಷಾದಿಸುತ್ತದೆ.”

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ, ಆ ಕೊನೆಯ ಸಾಲಿಗೆ. ನಗು ಅರ್ಧಕ್ಕೇ ನಿಂತಿತು. ಹುಣಿಸೆ ಮರದ ಕೆಳಗಿನಿಂದ ಒಬ್ಬ ಮುದುಕ ಎದ್ದು ಬಂದ. ಅವನ ಹೆಂಡತಿ ಅಣ್ಣನ ಜೊತೆ ಹೋದವಳು. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಜೊತೆ ಮಾತಾಡಿರಲಿಲ್ಲ. ಫೈಲಿನ ಮೇಲೆ ಬೆರಳಿಟ್ಟು, “ಇದೇನಾ ನಿದ್ರಿಸುತ್ತಿದ್ದನು ಅನ್ನೋದು?” ಎಂದು ಕೇಳಿದ. ಹೌದೆಂದ ಬೋರಲಿಂಗಯ್ಯ. ಮುದುಕ ಹಾಳೆಯನ್ನು ಪ್ಲಾಸ್ಟಿಕ್ಕಿನಿಂದ ಹೊರಗೆಳೆದು ಆ ಅಕ್ಷರಗಳನ್ನು ಉಗುರಿನಿಂದ ಕೆರೆದು ನೋಡಿದ. ಹೋಗಲಿಲ್ಲ. ನನ್ನ ಹತ್ತಿರ ಬಂದು ನಿಂತ. “ಚಿಕ್ಕೀರ ಎದ್ದೇ ಇದ್ದ,” ಎಂದ. ಅಷ್ಟೇ ಎಂದ.

ಮ್ಯಾನೇಜರ್ ಎರಡೂ ಕೈ ಎತ್ತಿ, “ಆಯ್ತು, ಎಲ್ಲಾ ಮಾತಾಡೋಣ, ಮೊದ್ಲು ಕೆಲಸಕ್ಕೆ ನಡೀರಿ, ಗೂಡು ಬೆಂದು ಹಾಳಾಗ್ತವೆ” ಎಂದ. ಹೆಂಗಸರು ಕದಲಲಿಲ್ಲ. ಆಗ ದೇವೀರಿ ಮುಂದೆ ಬಂದಳು. ಹೆಸರು ಎಲ್ಲೂ ಬರಬಾರದು ಎಂದವಳು.

“ನಾನು ಚಿಕ್ಕೀರಣ್ಣನ ಮಗಳು ದೇವೀರಿ. ಬಣ್ಣದ ಕೆಳಗೆ ತಗ್ಗು ನೋಡ್ದೋಳು ನಾನೇ. ಒಲೆ ಆರ್ಸಿ. ವಾಲ್ವ್ ಬದಲಾಯ್ಸಿ. ಆಮೇಲೆ ಬತ್ತೀವಿ.”

“ನಿನ್ನ ಕೆಲಸ ಹೋಗುತ್ತೆ ಕಣಮ್ಮ.”

“ಹೋಗ್ಲಿ. ತಲೆ ಉಳೀತದೆ.”

ನಲವತ್ತು ಜನರೂ ಕಾರ್ಖಾನೆಯ ಗೇಟಿನ ಎದುರು ಕೂತರು. ನಾನೂ ಸ್ಟವ್ವು ತೆಗೆದುಕೊಂಡು ಹೋಗಿ ಅಲ್ಲೇ ರಿಪೇರಿ ಇಟ್ಟುಕೊಂಡೆ. ಐದನೆಯ ದಿನ ಮ್ಯಾನೇಜರ್ ಹೊರಗೆ ಬಂದು ವಾಲ್ವ್ ಬದಲಾಯಿಸಿ ಆಯಿತು ಎಂದ. ಯಾರೂ ಅವನ ಜೊತೆ ವಾದಕ್ಕೆ ಇಳಿಯಲಿಲ್ಲ. ಹೆಂಗಸರು ಎದ್ದು ಸೆರಗು ಕೊಡವಿಕೊಂಡು ಸಾಲಾಗಿ ಮಸಣಕ್ಕೆ ನಡೆದರು. ಅಣ್ಣನ ಕಲ್ಲು ಮುಟ್ಟಿ ನೋಡಿದರು. ಅಕ್ಷರ ಹಾಗೇ ಇತ್ತು. ಸಾಲಾಗಿ ವಾಪಸ್ಸು ಬಂದು ಮತ್ತೆ ಕೂತರು. ಒಂಬತ್ತನೆಯ ದಿನ ಇನ್ನೊಮ್ಮೆ ಆಯಿತು ಎಂದ, ಹೊಳೆಯುವ ಹಿತ್ತಾಳೆ ಬುರುಡೆಯನ್ನು ಎತ್ತಿಯೂ ತೋರಿಸಿದ. ಮತ್ತೆ ಮಸಣಕ್ಕೆ ಹೋದೆವು. ಅಕ್ಷರ ಇತ್ತು. “ಬಣ್ಣ ಕೆರೆದು ಅದನ್ನೇ ಉಜ್ಜವ್ನೆ, ನಿಂಬೆಹಣ್ಣಲ್ಲಿ,” ಎಂದಳು ಖಾತೂನ್‌ಬಿ. “ನಮ್ಮನೆ ಚೊಂಬು ತಂದು ಕೊಡ್ಲಾ ಸಾಮಿ, ಅದ್ನೂ ಉಜ್ಜಿ ಕೊಡಿ!” ಎಂದು ಗೇಟಿನೊಳಕ್ಕೆ ಕೂಗಿದಳು. ಆ ದಿನದಿಂದ ಮ್ಯಾನೇಜರ್ ಗೇಟಿಗೆ ಬರುವಾಗ ನಮ್ಮ ಮುಖ ನೋಡುತ್ತಿರಲಿಲ್ಲ. ಮಸಣದ ಕಡೆ ನೋಡುತ್ತಿದ್ದ.

ಹದಿನಾಲ್ಕನೆಯ ದಿನ ಆಚೆ ದಡದಿಂದ ಒಂದು ಪೆಟ್ಟಿಗೆ ಬಂತು, ಇಬ್ಬರು ಮಿಸ್ತ್ರಿಗಳು ಬಂದರು. ನಮಗೆ ಯಾರೂ ಏನೂ ಹೇಳಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ನಾನು ಒಬ್ಬಳೇ ಮಸಣಕ್ಕೆ ಹೋಗಿ ಅಣ್ಣನ ಕಲ್ಲಿನ ಮುಂದೆ ಕೂತೆ. ಕಣ್ಣು ಸರಿಯಾಗಿ ಕಾಣದ್ದರಿಂದ ಬೆರಳನ್ನು ಅಕ್ಷರದ ಮೇಲೆ ಇಟ್ಟುಕೊಂಡೇ ಇದ್ದೆ. ‘ಬೇಕು’ ಎಂಬುದರ ಕೊನೆಯ ಸುತ್ತು ನನ್ನ ಬೆರಳಿನ ಕೆಳಗೇ ಮೆಲ್ಲಗೆ ತುಂಬಿಕೊಂಡಿತು. ಆಮೇಲೆ ಅದರ ಹಿಂದಿನ ಅಕ್ಷರ, ಅದರ ಹಿಂದಿನದು. ಗೆರೆ ಸವೆದ ಬೆರಳಿಗೆ ಕಲ್ಲು ಎಷ್ಟು ನುಣ್ಣಗೆ ಸಿಕ್ಕಿತೆಂದರೆ ಯಾವುದು ಬೆರಳು, ಯಾವುದು ಕಲ್ಲು ಎಂದು ತಿಳಿಯಲಿಲ್ಲ. “ಆಯ್ತು ಕಣೋ ಅಣ್ಣ,” ಎಂದೆ.

ನಮ್ಮ ಮಸಣದಲ್ಲಿ ಈಗ ಅದೊಂದೇ ಖಾಲಿ ಕಲ್ಲು. ಬೇರೇನಾದರೂ ಕೆತ್ತಿಸು ಎಂದು ಜನ ಹೇಳುತ್ತಾರೆ. ಕೆತ್ತಿಸುವುದಿಲ್ಲ. ದೇವೀರಿಯನ್ನು ಕೆಲಸದಿಂದ ತೆಗೆದರು. ಮಾರನೆಯ ದಿನ ಉಳಿದ ಮೂವತ್ತೊಂಬತ್ತು ಜನ ಮತ್ತೆ ಗೇಟಿನ ಎದುರು ಕೂತದ್ದಕ್ಕೆ ಸಂಜೆಗೇ ಕರೆದುಕೊಂಡರು. ಹೆಡ್ಡಾಫೀಸಿನವರು ಈಗಲೂ ತಿಂಗಳಿಗೊಮ್ಮೆ ಬರೆಯುತ್ತಾರೆ, ‘ಮುಚ್ಚಳದ ಊರು’ ಸುಳ್ಳು ಕಥೆ, ಕಪಾಟಿನಿಂದ ತೆಗೆಯಬೇಕು ಎಂದು. ಆ ಪತ್ರಗಳಲ್ಲಿ ಕಥೆ ಸುಳ್ಳು ಎಂಬ ಮಾತು ಸೇತುವೆ ದಾಟುವಾಗ ಅಳಿಸಿಹೋಗುತ್ತದೆ, ತೆಗೆಯಬೇಕು ಎಂಬುದು ಮಾತ್ರ ನಿಲ್ಲುತ್ತದೆ. ಅದು ನಿಂತೇ ಇರುತ್ತದೆ, ಯಾಕೆಂದರೆ ನಾವು ತೆಗೆಯುವುದಿಲ್ಲ. ಬೋರಲಿಂಗಯ್ಯ ಅವನ್ನೆಲ್ಲ ಸೇರಿಸಿ ಹೊಲಿದು ಕಥೆಯ ಪಕ್ಕದಲ್ಲೇ ಇಟ್ಟಿದ್ದಾನೆ.

ನಾನು ಬರೆದದ್ದು ಮುಗಿಯಿತು. ಇದನ್ನೂ ಆ ಹೆಡ್ಡಾಫೀಸಿನವರು ಓದುತ್ತಾರೆ, ಗೊತ್ತು. ಮುದುಕಿ ಕಟ್ಟಿದ ಕಥೆ ಎನ್ನುತ್ತಾರೆ. ಅನ್ನಲಿ. ಸೈಕಲ್ ಅಂಗಡಿಯಿಂದ ನಮ್ಮೂರಿಗೆ ಇನ್ನೂರು ಹೆಜ್ಜೆ. ಈ ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡು, ಪ್ಲಾಸ್ಟಿಕ್ ಬೇಕಾದರೂ ಹೊದಿಸಿಕೊಂಡು, ಹಗಲು ಹೊತ್ತಿನಲ್ಲಿ ಎಲ್ಲರೆದುರು ಸೇತುವೆ ದಾಟಿ ಬನ್ನಿ. ನಾನು ಊರ ಕಡೆಯ ತುದಿಯಲ್ಲಿ ಸ್ಟವ್ವು ಇಟ್ಟುಕೊಂಡು ಕೂತಿರುತ್ತೇನೆ. ನಿಮ್ಮ ಕೈಯಲ್ಲಿ ಒಂದೇ ಒಂದು ಅಕ್ಷರ ಉಳಿದಿದ್ದರೆ ನನ್ನನ್ನು ಸುಳ್ಳಿ ಎನ್ನಿ.